ಮೊದಲೇ ನಗುವವಳು

ಜೂನ್ 3, ಭಾನುವಾರ, ಸಂಜೆ 6.30

ಪೊಲೀಸ್ ಪಿಕ್ಚರ್. ಎರಡನೇ ವಾರ. ಬಾಲ್ಕನಿ ಅರ್ಧ ಖಾಲಿ. ನಮಗೆ ಬೇಕಾದ್ದೂ ಅದೇ. ಮೊದಲ ವಾರದ ನೂಕುನುಗ್ಗಲಿಗೆ ಹೋಗುವ ವಯಸ್ಸು ನಮ್ಮಿಬ್ಬರದೂ ಮುಗಿಯಿತು.

ಹೀರೋ ಗಡ್ಡದವನು. ಹತ್ತಕ್ಕೆ ನಾಲ್ಕು. ಫೈಟಿಂಗ್ ಪರವಾಗಿಲ್ಲ. ಅಳು ಮಾತ್ರ ಶುದ್ಧ ಮೋಸ. ತಮ್ಮ ಸತ್ತನೆಂದು ಐದು ನಿಮಿಷ ಅತ್ತ, ಮೂಗು ಒಂದಿಷ್ಟೂ ಕೆಂಪಾಗಲಿಲ್ಲ. ಇಪ್ಪತ್ತೇಳು ವರ್ಷದಿಂದ ಸ್ಟುಡಿಯೋದಲ್ಲಿ ಜನರ ಮುಖದ ಫೋಟೋ ತೆಗೆಯುತ್ತಿದ್ದೇನೆ. ಅತ್ತು ಬಂದವರು ಯಾರು, ನಿದ್ದೆಗೆಟ್ಟು ಬಂದವರು ಯಾರು ಅಂತ ಬಾಗಿಲಲ್ಲೇ ಹೇಳುತ್ತೇನೆ. ಅಳು ಮೊದಲು ಮೂಗಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಆ ಡೈರೆಕ್ಟರಿಗೆ ಇದನ್ನು ಯಾರಾದರೂ ಹೇಳಬಾರದೆ?

ಇನ್ನೊಂದು ವಿಷಯ, ಮರೆಯುವ ಮೊದಲು. ಲಾಕಪ್ಪಿನ ಸೀನಿನಲ್ಲಿ ಕಾನ್‌ಸ್ಟೇಬಲ್ ಬೀಗದ ಕೈ ಹುಡುಕುತ್ತಿರುತ್ತಾನೆ. ಒಳಗಿನಿಂದ ಕಳ್ಳ ಏನೋ ಹೇಳುತ್ತಾನೆ. ಆಗ ಜನ ನಗಬೇಕು, ನಕ್ಕರು ಕೂಡ. ನನ್ನ ಹೆಂಡತಿ ಅವರಿಗಿಂತ ಮೊದಲೇ ನಕ್ಕಳು. ಕಳ್ಳನ ಮಾತು ಇನ್ನೂ ಮುಗಿದಿರಲಿಲ್ಲ. ನಕ್ಕು ನನ್ನ ಮುಖ ನೋಡಿದಳು.

ಈ ಪಿಕ್ಚರನ್ನು ಮೊದಲೇ ನೋಡಿದ್ದಾಳೆಯೇ? ಯಾವಾಗ? ಯಾರ ಜೊತೆ?

ನಡೆದು ಬರುವಾಗ ಕೇಳಿಯೇ ಬಿಟ್ಟೆ. "ಮೊದಲೇ ನೋಡಿದ್ಯಾ ಇದನ್ನ?"

"ಅಷ್ಟೇನಿಲ್ಲ ಬಿಡಿ" ಅಂದಳು.

ಇದು ಯಾವ ಸೀಮೆಯ ಉತ್ತರ?

ಜೂನ್ 5, ಮಂಗಳವಾರ, ಸ್ಟುಡಿಯೋ, ಮಧ್ಯಾಹ್ನ

ಒಂಬತ್ತು ಪಾಸ್‌ಪೋರ್ಟ್, ಒಂದು ಮಗು. ಮಗು ಅತ್ತು ರಂಪ ಮಾಡಿತು. ಹಾಗೆ ಅಳಲು ಗಡ್ಡದವನು ಇನ್ನೊಂದು ಜನ್ಮ ಎತ್ತಬೇಕು. ಉಳಿದಂತೆ ಬಾಯಲ್ಲಿ ದಿನವಿಡೀ ಅದೇ ಮಾತು. ಗದ್ದ ಮೇಲೆ, ನಗಬೇಡಿ, ಕೂದಲು ಹಿಂದಕ್ಕೆ, ಎರಡೂ ಕಿವಿ ಕಾಣಬೇಕು.

ಕ್ಯಾಮೆರಾ ಹಿಂದೆ ನಿಂತವನಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಏನಾದರೂ ಮುಚ್ಚಿಡುವವರು ಕಣ್ಣಿಗೆ ಕಣ್ಣು ಕೊಡುವುದಿಲ್ಲ. ನನ್ನವಳು ಈಗೀಗ ನಾನು ಮಾತಾಡಿದರೆ ಕಣ್ಣು ನೋಡುವುದಿಲ್ಲ. ಬಾಯಿಯ ಹತ್ತಿರ ಎಲ್ಲೋ ನೋಡುತ್ತಾಳೆ. ಎಂದಿನಿಂದ? ನೆನಪು ಮಾಡಿಕೊಂಡರೆ ಒಂದು ವರ್ಷದ ಮೇಲಾಯಿತು. ಆಗ ತಲೆಗೆ ಹೋಗಲಿಲ್ಲ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಹೆಂಡತಿಯ ಮುಖವನ್ನು ಯಾವ ಗಂಡ ದಿಟ್ಟಿಸಿ ನೋಡುತ್ತಾನೆ?

ಆಮೇಲೆ ಫೋನು. ನಾನು ಮಾಡಿದರೆ ಎತ್ತುವುದಿಲ್ಲ. ಎರಡು ನಿಮಿಷಕ್ಕೆ ಮೆಸೇಜು: 'ಕೆಲಸದಲ್ಲಿದ್ದೇನೆ, ಬರೆದು ಕಳಿಸಿ.' ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಸ್ಟ್ಯಾಂಪು ಹರಿದು ಕೊಡುವವಳಿಗೆ ಮಂತ್ರಿಗಳಿಗಿಂತ ಹೆಚ್ಚು ಕೆಲಸ!

ಯಾವ ಪಿಕ್ಚರಿಗೆ ಹೋಗಬೇಕೆಂದು ಆರಿಸುವವಳೂ ಈಗ ಅವಳೇ. ಮೊದಲು ಹೀಗಿರಲಿಲ್ಲ.

ಜೂನ್ 10, ಭಾನುವಾರ, ಸಂಜೆ 7

ದೋಣಿಯವನ ಪ್ರೇಮಕಥೆ. ಹೀರೋ ಹೊಸಬ, ಗಡ್ಡ ಮೀಸೆ ಎಲ್ಲ ಬೋಳಿಸಿದವನು, ನಕ್ಕರೆ ಗಲ್ಲದಲ್ಲಿ ಗುಳಿ. ಗುಳಿಯನ್ನೇ ನಂಬಿ ಎರಡೂವರೆ ಗಂಟೆ ಓಡಿಸಿದ್ದಾನೆ. ಹುಟ್ಟು ಹಾಕುವಾಗ ಭುಜ ಅಲ್ಲಾಡುತ್ತದೆ, ಬೆನ್ನು ಅಲ್ಲಾಡುವುದಿಲ್ಲ. ಒಂದು ದಿನವೂ ದೋಣಿ ನಡೆಸಿದವನಲ್ಲ. ಮೂರು. ಹೀರೋಯಿನ್, ಆ ಉದ್ದ ಕುತ್ತಿಗೆಯವಳು, ಏಳು. ಅವನ ಕಾಗದ ಓದುವ ಸೀನಿನಲ್ಲಿ ಮುಖದಲ್ಲಿ ಏನೂ ಮಾಡದೆ ಸುಮ್ಮನೆ ಕೂತಳು. ಸುಮ್ಮನೆ ಕೂರುವುದು ಎಲ್ಲರಿಗೂ ಬರುವುದಿಲ್ಲ. ಇವತ್ತಿನ ಪಿಕ್ಚರಿನಲ್ಲಿ ನಂಬಬಹುದಾದದ್ದು ಅದೊಂದೇ.

ನನ್ನವಳು ಎರಡು ಸಲ ಮೊದಲೇ ನಕ್ಕಳು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಮನೆಗೆ ಬಂದು ಟೀ ಕೊಟ್ಟು, ನನ್ನ ಎದುರಿಗೆ ಕೂತು, ಸ್ವಲ್ಪ ಹೊತ್ತು ನೋಡಿ, "ರೀ, ಈ ಮೀಸೆ ತೆಗೆಸಬಾರದಾ? ತುಟೀನೇ ಕಾಣಲ್ಲ" ಅಂದಳು.

"ಮೂವತ್ತು ವರ್ಷದ ಮೀಸೆ. ಈಗ್ಯಾಕೆ ಕಣ್ಣು ಚುಚ್ತು?"

"ಸುಮ್ಮನೆ ಹೇಳ್ದೆ."

ಸುಮ್ಮನೆ ಯಾರೂ ಏನೂ ಹೇಳುವುದಿಲ್ಲ. ಮೀಸೆ ಇಲ್ಲದವನು ಒಬ್ಬ ಇದ್ದಾನೆ. ಪರದೆಯ ಮೇಲೋ, ಹೊರಗೋ, ಅಷ್ಟೇ ಪ್ರಶ್ನೆ.

ಜೂನ್ 12, ಮಂಗಳವಾರ, ಸ್ಟುಡಿಯೋ

ಅವಳ ಆಫೀಸಿನ ಪೋಸ್ಟ್‌ಮ್ಯಾನ್ ಫೋಟೋಗೆ ಬಂದಿದ್ದ. ಟೈ ಬೇಕೇ ಎಂದು ಕೇಳಿ, ನನ್ನದನ್ನೇ ಕಟ್ಟಿಸಿ ಕೂರಿಸಿದೆ. ಲೈಟು ಸರಿ ಮಾಡುತ್ತಾ ಮಾತಿಗೆ, "ಏನಪ್ಪಾ, ನಮ್ಮನೆಯವರಿಗೆ ಕೌಂಟರಲ್ಲಿ ಭಾರಿ ಕೆಲಸವಂತೆ" ಅಂದೆ.

"ಕೌಂಟರೆಲ್ಲಿ ಸಾರ್? ಅಕ್ಕ ಅದನ್ನ ಬಿಟ್ಟು ಏಳೆಂಟು ತಿಂಗಳಾಯ್ತು. ಹಿಂದೆ ಕಾಗದ ವಿಂಗಡಿಸೋ ಸಾರ್ಟಿಂಗ್ ರೂಮಲ್ಲಿದ್ದಾರೆ. ಅವರೇ ಬರೆದುಕೊಟ್ಟು ಹಾಕಿಸಿಕೊಂಡ್ರು."

"ಓ... ಹೌದೌದು. ಸಾರ್ಟಿಂಗ್."

"ಆರಾಮ ಸಾರ್. ಬೆಳಗ್ಗೆ ಬೇಗ ಬರಬೇಕು ಅಷ್ಟೇ. ಹನ್ನೆರಡಕ್ಕೆ ಎಲ್ಲಾ ಮುಗಿಯುತ್ತೆ."

ಹನ್ನೆರಡಕ್ಕೆ. ಮನೆಗೆ ಬರುವುದು ಐದಕ್ಕೆ. 'ಕೌಂಟರ್ ಕ್ಲೋಸ್ ಮಾಡಿ, ಟ್ಯಾಲಿ ಮಾಡಿ' ಅಂತ ನನಗೆ ಹೇಳುತ್ತಾಳೆ. ಯಾವ ಕೌಂಟರು?

ಪೋಸ್ಟ್‌ಮ್ಯಾನನ ಫೋಟೋ ಅಲುಗಾಡಿತ್ತು. ಅವನದೇ ತಪ್ಪೆಂದು ಗದರಿಸಿ ಮತ್ತೊಮ್ಮೆ ತೆಗೆದೆ. ಅವನು ಅಲ್ಲಾಡಿರಲೇ ಇಲ್ಲ.

ಜೂನ್ 13, ಬುಧವಾರ, ಸಂಜೆ 5.45

ಐದೂ ಕಾಲಿಗೆ ಬಂದಳು. ಮುಖ ತೊಳೆಯಲು ಹೋದಾಗ ಬ್ಯಾಗು ನೋಡಿದೆ. ಹೌದು, ನೋಡಿದೆ. ಹೊರಗಿನ ಖಾನೆಯಲ್ಲಿ ಟಾಕೀಸಿನ ಟಿಕೆಟ್ಟು, ಅರ್ಧ ಹರಿದದ್ದು. ಇವತ್ತಿನ ಮ್ಯಾಟಿನಿ.

ಒಂದೇ ಟಿಕೆಟ್. ಇನ್ನೊಂದು ಅವನ ಜೇಬಿನಲ್ಲಿರಬೇಕು.

"ಆಫೀಸು ಹೇಗಿತ್ತು?" ಅಂದೆ.

ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ, ನಗುತ್ತಾ, "ಅಷ್ಟೇನಿಲ್ಲ" ಅಂದಳು. ಅವಳ ನಗುವಿನಲ್ಲಿ ಏನಾದರೂ ಹೆಚ್ಚುಕಡಿಮೆ ಇತ್ತೇ ಎಂದು ನೋಡಿದೆ. ಏನೂ ಸಿಗಲಿಲ್ಲ. ಗುಳಿ ಗಲ್ಲದವನಿಗಿಂತ ಎಷ್ಟೋ ಪಾಲು ಮೇಲು.

ಊಟ ಸೇರಲಿಲ್ಲ.

ಜೂನ್ 17, ಭಾನುವಾರ, ಸಂಜೆ

ಅವಳು ಬುಧವಾರ ನೋಡಿದ ಪಿಕ್ಚರಿಗೇ ನನ್ನನ್ನು ಕರೆದುಕೊಂಡು ಹೋದಳು! ಏನೂ ಗೊತ್ತಿಲ್ಲದವನ ಹಾಗೆ ಹೋದೆ, ಕೂತೆ.

ಫ್ಯಾಮಿಲಿ ಪಿಕ್ಚರ್. ಹೀರೋ ಒಳ್ಳೆಯ ಗಂಡ. ಬೆಳಗ್ಗೆ ಎದ್ದಾಗಿನಿಂದ ಒಳ್ಳೆಯವನು, ಮಲಗುವಾಗಲೂ ಒಳ್ಳೆಯವನು. ಅಂಥ ಗಂಡ ಎಲ್ಲಿದ್ದಾನೆ? ಎರಡು. ಕಿವುಡ ಮಾವನ ಪಾತ್ರ ಮಾಡಿದವನಿಗೆ ಜನ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಅದು ಕಿವುಡಲ್ಲ, ಕಿರುಚಾಟ.

ಸಂಜೆ ಭಾವಮೈದ ಬಂದಿದ್ದ. ಅವನೂ ನೋಡಿದ್ದಾನಂತೆ. "ಭಾವ, ಆ ಮುದುಕ ಸೂಪರ್ ಅಲ್ವಾ?" ಅಂದ. "ಏನು ಸೂಪರ್, ಅದಕ್ಕಿಂತ ನಾನು ಚೆನ್ನಾಗಿ ಮಾಡ್ತೀನಿ" ಅಂದು, ತೀರಿಹೋದ ನಮ್ಮ ಮಾವನವರ ಹಾಗೆ ಅಂಗೈಯನ್ನು ಕಿವಿಗೆ ಕೊಟ್ಟು, ಕುತ್ತಿಗೆ ಓರೆ ಮಾಡಿ, "ಹಾಂ? ಯಾರು ಬಂದ್ರು? ಹಾಲಾ?" ಅಂದೆ. ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಅಪ್ಪನೇ ಆದರೂ. ನನ್ನ ಈ ಐಟಂಗೆ ಮನೆತನದಲ್ಲಿ ಹತ್ತು ವರ್ಷದಿಂದ ಡಿಮ್ಯಾಂಡು.

ಇವಳು ನಗಲಿಲ್ಲ. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನ ತಮಾಷೆ ಈಗ ಅವಳಿಗೆ ಹಿಡಿಸುತ್ತಿಲ್ಲ. ತಮಾಷೆ ಮಾಡುವವರು ಬೇರೆ ಸಿಕ್ಕಿರಬೇಕು.

ಬರುವ ಬುಧವಾರ. ಸ್ಟುಡಿಯೋ ಮುಚ್ಚುತ್ತೇನೆ.

ಜೂನ್ 20, ಬುಧವಾರ, ಸಂಜೆ 4.30, ಸ್ಟುಡಿಯೋ

ನಡೆದಷ್ಟನ್ನು ನಡೆದ ಹಾಗೆ.

ಹನ್ನೆರಡಕ್ಕೆ ಮೊದಲೇ ಪೋಸ್ಟ್ ಆಫೀಸಿನ ಎದುರಿನ ಪೇಪರ್ ಅಂಗಡಿಯ ಹಿಂದೆ ನಿಂತೆ. ಹನ್ನೆರಡೂ ಹತ್ತಕ್ಕೆ ಬಂದಳು. ಒಬ್ಬಳೇ. ಬೇಕರಿಯಲ್ಲಿ ನಿಂತು ಬನ್ನು ತಿಂದಳು, ಒಬ್ಬಳೇ. ಟಾಕೀಸಿಗೆ ಹೋದಳು. ದೀಪ ಆರಿದ ಮೇಲೆ ನಾನೂ ಹೋಗಿ, ನಾಲ್ಕು ಸಾಲು ಹಿಂದೆ ಕಂಬದ ಮರೆಯಲ್ಲಿ ಕೂತೆ.

ಅವಳು ಗೋಡೆಯ ಪಕ್ಕದ ತುದಿ ಸೀಟಿನಲ್ಲಿದ್ದಳು. ಪಕ್ಕದ್ದು ಖಾಲಿ. ಈಗ ಬರುತ್ತಾನೆ, ಇನ್ನೇನು ಬರುತ್ತಾನೆ ಎಂದು ಬಾಗಿಲು ಕಾದೆ. ಪ್ರತಿ ಸಲ ಬಾಗಿಲು ತೆರೆದಾಗಲೂ ಕುತ್ತಿಗೆ ಚಾಚಿ ನೋಡಿದೆ. ಒಬ್ಬ ಮುದುಕ ಬಂದ, ಕೆಮ್ಮಿ ಬೇರೆ ಸಾಲಿಗೆ ಹೋದ. ಮೂರು ಹುಡುಗಿಯರು ಬಂದರು. ಇಂಟರ್ವಲ್ ಆಯಿತು. ನಾನು ಟಾಯ್ಲೆಟ್ಟಿನಲ್ಲಿ ಅವಿತುಕೊಂಡೆ, ಐವತ್ತೆರಡನೇ ವಯಸ್ಸಿನಲ್ಲಿ.

ಯಾರೂ ಬರಲಿಲ್ಲ.

ಆದರೆ ಅವಳು ಪಿಕ್ಚರನ್ನೂ ನೋಡುತ್ತಿರಲಿಲ್ಲ. ಅಡ್ಡಡ್ಡ ಕೂತಿದ್ದಳು, ಗೋಡೆಗೆ ಬೆನ್ನು ಕೊಟ್ಟು. ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಜನರ ಮೇಲೆ. ಜನ ನಕ್ಕರೆ ತಟ್ಟನೆ ಅವರ ಕಡೆ ನೋಡುವುದು, ಪರದೆ ನೋಡುವುದು, ಮಡಿಲಲ್ಲಿದ್ದ ಸಣ್ಣ ಪುಸ್ತಕದಲ್ಲಿ ಬರೆಯುವುದು. ಮುಂದಿನ ಸಾಲಿನ ಹೆಂಗಸು ಕಣ್ಣು ಒರೆಸಿಕೊಂಡಳು. ಇವಳು ಬರೆದಳು. ಯಾರೋ ಶಿಳ್ಳೆ ಹೊಡೆದು ಕೈ ಎತ್ತಿದ, ಬರೆದಳು. ಫೋನಿನ ಬೆಳಕನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಪರೀಕ್ಷೆಗೆ ಕೂತವಳ ಹಾಗೆ.

ಹೀರೋ ವಕೀಲ. ಹೇಗೆ ಮಾಡಿದನೆಂದು ಗೊತ್ತಿಲ್ಲ. ಮಾರ್ಕ್ಸ್ ಇಲ್ಲ.

ಇದೇನು? ಕದ್ದು ವಿಮರ್ಶೆ ಬರೆಯುತ್ತಿದ್ದಾಳೆಯೇ? ಭಾನುವಾರ ನಾನು ಹೇಳುವ ಅಭಿಪ್ರಾಯಗಳನ್ನೆಲ್ಲ ಕದ್ದು ಯಾವುದೋ ಪೇಪರಿಗೆ ಕಳಿಸುತ್ತಿದ್ದಾಳೆಯೇ? ಅಥವಾ ಯಾರಿಗಾದರೂ ಬರೆಯುವ ಕಾಗದವೇ? ಗಂಡಸು ಇದ್ದಿದ್ದರೆ ಅರ್ಥವಾದರೂ ಆಗುತ್ತಿತ್ತು. ಇದು ಅದಕ್ಕಿಂತ ಹೆಚ್ಚು ಹೆದರಿಸುತ್ತಿದೆ.

ಜೂನ್ 24, ಭಾನುವಾರ, ಸಂಜೆ 6

ಅದೇ ವಕೀಲ. ನನ್ನ ಪಕ್ಕದಲ್ಲಿ ಅವಳು. ನಾನು ಅವಳನ್ನೇ ನೋಡಿದೆ. ಒಂದು ನಗುವೂ ತಪ್ಪಲಿಲ್ಲ. ಕೋರ್ಟಿನ ಸೀನಿನಲ್ಲಿ, ಹೀರೋ ಬಾಯಿ ತೆರೆಯುವ ಮೊದಲೇ ಸೆರಗು ಕಣ್ಣಿಗೆ ಹೋಯಿತು. ನಾನು ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟು, "ಇವನ ಕೋಟು ಯಾರದೋ ಬಾಡಿಗೆದು" ಅಂದೆ. ತಲೆ ಆಡಿಸಿದಳು. ನನ್ನ ಮಾತಿನ ಮೇಲೆ ಗಮನವಿದೆಯೇ ನೋಡೋಣವೆಂದು, ಕೈ ತೆಗೆಯದೆ, "ನಮ್ಮನೆಗೆ ಬೆಂಕಿ ಬಿದ್ದಿದೆ" ಅಂದೆ. ಅದಕ್ಕೂ ತಲೆ ಆಡಿಸಿ ನಕ್ಕಳು.

ಮನೆಗೆ ಬಂದೆವು. ಸಿಂಕಿನ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದಳು. ಬಾಗಿಲಲ್ಲಿ ನಿಂತು ಕೇಳಿದೆ, "ಬುಧವಾರ ಆ ಪುಸ್ತಕದಲ್ಲಿ ಏನು ಬರೀತಿದ್ದೆ?"

ತಿರುಗಿ ಕೂಡ ನೋಡಲಿಲ್ಲ. ಸೊಕ್ಕು ಅಂದುಕೊಂಡೆ. ಇನ್ನೂ ಜೋರಾಗಿ ಕೇಳಿದೆ. ಅವಳು ಬಟ್ಟಲು ತಿಕ್ಕುತ್ತಲೇ ಇದ್ದಳು, ಆರಾಮವಾಗಿ, ಬೆನ್ನಿನಲ್ಲಿ ಒಂದಿಷ್ಟೂ ಬಿಗಿ ಇಲ್ಲ. ಬೈದರೆ ಬೆನ್ನು ಗಟ್ಟಿಯಾಗುತ್ತದೆ. ಎಂಥ ಆಕ್ಟರಿಗೂ ಅದನ್ನು ಮುಚ್ಚಿಡಲು ಬರುವುದಿಲ್ಲ. ನಾನು ಹತ್ತಿರ ಹೋದೆ. ನನ್ನ ನೆರಳು ಗೋಡೆಯ ಮೇಲೆ ಬಿದ್ದಾಗ ಬೆಚ್ಚಿ ತಿರುಗಿದಳು.

"ಯಾವಾಗ ಬಂದ್ರಿ? ಟೀ ಬೇಕಾ?"

ಬೇಕು ಎಂದು ತಲೆ ಆಡಿಸಿದೆ. ಬಂದು ಇಲ್ಲಿ ಕೂತಿದ್ದೇನೆ.

ಜೂನ್ 25, ಸೋಮವಾರ, ಬೆಳಗ್ಗೆ 8

ಅವಳು ಕೆಲಸಕ್ಕೆ ಹೋದ ಮೇಲೆ ಪುಸ್ತಕ ಹುಡುಕಿದೆ. ಬೀರುವಿನಲ್ಲಿ, ಶಾಲುಗಳ ಕೆಳಗೆ. ಅದರೊಳಗೆ ಕಿವಿ ಡಾಕ್ಟರ ಚೀಟಿ. ಗೆರೆ ಎಳೆದ ಕಾಗದ, ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗಿದೆ. ಎರಡು ವರ್ಷದ ಹಿಂದಿನ ತಾರೀಖು. ಬಲಗಿವಿ ಪೂರ್ತಿ ಹೋಗಿದೆ, ಎಡದಲ್ಲಿ ಸ್ವಲ್ಪ ಉಳಿದಿದೆ, ಅದೂ ನಿಲ್ಲುವುದಿಲ್ಲ ಎಂದು ಬರೆದಿದ್ದಾರೆ. ಮಷಿನ್ ಹಾಕಿಕೊಳ್ಳಲು ಹೇಳಿದ್ದಾರೆ.

ಪುಸ್ತಕದಿಂದ ಇಲ್ಲಿ ಇಳಿಸುತ್ತೇನೆ, ಅವಳು ಬರೆದ ಹಾಗೆಯೇ:

'ಬೀಗದ ಕೈ ಹುಡುಕುತ್ತಾನೆ – ನಗು, ದೊಡ್ಡದು.'

'ವಕೀಲ ಕನ್ನಡಕ ತೆಗೆದ ಮೇಲೆ ಎಲ್ಲರೂ ಗಪ್‌ಚಿಪ್. ಹೆಂಗಸರು ಅಳುತ್ತಾರೆ.'

'ನಡೆದು ಬರುವಾಗ ಇವರು ಹೀರೋ ಬಗ್ಗೆ ಹೇಳುತ್ತಾರೆ. ಸಿಟ್ಟಾಗಿದ್ದರೆ: ಹೌದು ಮತ್ತೆ. ಏನೋ ಪ್ರಶ್ನೆ ಕೇಳಿದ ಹಾಗೆ ಕಂಡರೆ: ಅಷ್ಟೇನಿಲ್ಲ.'

'ಭಾನುವಾರ ತಪ್ಪಿಸಬಾರದು. ಇವರು ಮನಸ್ಸು ಬಿಚ್ಚಿ ಮಾತಾಡುವುದು ಅವತ್ತೊಂದೇ ದಿನ.'

ಒಂದು ಪುಟದ ಕೆಳಗೆ, ಬೇರೆ ಇಂಕಿನಲ್ಲಿ: 'ಇವರಿಗೆ ಗೊತ್ತಾಗಬಾರದು. ಗೊತ್ತಾದರೆ ಅಪ್ಪನ ಥರ ಮಾಡಿ ತೋರಿಸುತ್ತಾರೆ.'

ಎಲ್ಲ ಇದ್ದ ಹಾಗೆ ಇಟ್ಟೆ. ಶಾಲು ಮಡಿಸಿದ್ದು ಸರಿಯಾಗಲಿಲ್ಲ, ಮೂರು ಸಲ ಮಡಿಸಿದೆ.

ನಾಚಿಕೆಯಾಗುತ್ತಿದೆ. ಇದಕ್ಕೆ ಬೇರೆ ಮಾತಿಲ್ಲ. ಬಾಯಿ ನೋಡುತ್ತಿದ್ದವಳನ್ನು ಕಣ್ಣು ತಪ್ಪಿಸುವವಳು ಅಂದುಕೊಂಡೆ. ಊರವರ ಮುಖಕ್ಕೆಲ್ಲ ಬೆಳಕು ಹಿಡಿಯುವವನಿಗೆ ಮನೆಯ ಮುಖ ಓದಲು ಬರಲಿಲ್ಲ.

ಜುಲೈ 1, ಭಾನುವಾರ

ಹೋದೆವು. ಅವಳು ಸರಿಯಾದ ಜಾಗದಲ್ಲೆಲ್ಲ ನಕ್ಕಳು. ಬರೆಯಲಾರೆ.

ಜುಲೈ 4, ಬುಧವಾರ, ಸ್ಟುಡಿಯೋ

ಮೀಸೆ ತೆಗೆಸಿದೆ. ಕ್ಷೌರದವನು ಎರಡು ಸಲ ಕೇಳಿದ, "ನಿಜವಾಗ್ಲೂನಾ ಸಾರ್?" ಅಂತ. ಕನ್ನಡಿಯಲ್ಲಿ ಯಾರೋ ಗುಮಾಸ್ತ ಕೂತಿದ್ದ.

ಈಗ ಅವಳ ಎಡಗಡೆಯೇ ನಡೆಯುತ್ತೇನೆ. ಮಾತಿಗೆ ಮೊದಲು ತೋಳು ಮುಟ್ಟುತ್ತೇನೆ. ಬೆಳಕಿಗೆ ಮುಖ ಮಾಡಿ, ನಿಧಾನವಾಗಿ. ಹೇಳಬೇಕಾದ ಮಾತು ಮಾತ್ರ ಬಾಯಿಗೆ ಬರುತ್ತಿಲ್ಲ. 'ನನಗೆ ಗೊತ್ತು' ಅಂದರೆ ಹೇಗೆ ಗೊತ್ತಾಯಿತು ಅನ್ನುತ್ತಾಳೆ. ಹಿಂಬಾಲಿಸಿದೆ, ಬ್ಯಾಗು ತಡಕಿದೆ, ಬೀರು ತೆಗೆದೆ. ಯಾಕೆ? ನಿನ್ನ ಮೇಲೆ ಅನುಮಾನವಿತ್ತು. ಇದನ್ನೆಲ್ಲ ಹೇಳಿಯೂ ಅವಳು ನನ್ನ ಪಕ್ಕದಲ್ಲಿ ಕೂರುತ್ತಾಳೆಯೇ?

ಹೇಳದೆಯೇ ಇದ್ದುಬಿಡಬಹುದು. ಒಳ್ಳೆಯ ಗಂಡನ ಪಾರ್ಟು ಮಾಡಿಕೊಂಡು. ಅವಳು ಕೇಳುವವಳ ಹಾಗೆ, ನಾನು ತಿಳಿಯದವನ ಹಾಗೆ.

ಜುಲೈ 8, ಭಾನುವಾರ, ಮಧ್ಯಾಹ್ನ 1.40

ಹೊರಡುವ ಹೊತ್ತು. ಸೀರೆ ಬದಲಿಸದೆ ಬಂದು ಊಟದ ಮೇಜಿಗೆ ಕೂತಳು. ಪಿಕ್ಚರಿಗೆ ಬರುವುದಿಲ್ಲವಂತೆ.

"ಯಾರ್ರೀ ಅವಳು?" ಅಂದಳು.

"ಯಾವಳು?" ಅಂದೆ.

"ಮೀಸೆ ತೆಗೆಸಿದ್ರಿ. ನಾನು ಹೇಳಿದಾಗ ತೆಗೀಲಿಲ್ಲ. ಹೋದ ತಿಂಗಳು ಒಂದು ಬುಧವಾರ ಸ್ಟುಡಿಯೋ ಮುಚ್ಚಿತ್ತಂತೆ, ನಮ್ಮ ಪೋಸ್ಟ್‌ಮ್ಯಾನ್ ಫೋಟೋ ಇಸ್ಕೊಳ್ಳೋಕೆ ಬಂದು ವಾಪಸ್ ಹೋದನಂತೆ. ಹದಿನೈದು ದಿನದಿಂದ ನನ್ನ ಮುಖವನ್ನೇ ನೋಡ್ಕೊಂಡು ಮಾತಾಡ್ತೀರಿ, ಮೈ ಮುಟ್ಟಿ ಮುಟ್ಟಿ. ತಪ್ಪು ಮಾಡಿದ ಗಂಡಸರು ಹೀಗೇ ಒಳ್ಳೆಯವರಾಗೋದು. ನಿಮಗೆ ಆಕ್ಟಿಂಗ್ ಬರಲ್ಲ ರೀ. ಹೇಳಿಬಿಡಿ, ಯಾರು?"

ಮೊದಲು ನಗು ಬಂತು. ಆಮೇಲೆ ಅವಳ ಮೂಗು ನೋಡಿದೆ. ಕೆಂಪಾಗಿತ್ತು.

"ಯಾರೂ ಇಲ್ಲ ಕಣೇ" ಅಂದೆ. ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮುಂದಿನ ಮಾತಿಗೆ ಬಾಯಿ ತೆರೆದೆ. ತುಟಿ ನಡುಗಿತು. ನಡುಗುವ ತುಟಿಯನ್ನು ಅವಳು ಓದಲಾರಳು. ಮತ್ತೆ ಶುರು ಮಾಡಿದೆ, ಮತ್ತೆ ಕೆಟ್ಟಿತು. ಅವಳಿಗೆ ಗಾಬರಿಯಾಯಿತು. ಒಂದು ನಿಮಿಷ ಎಂದು ಬೆರಳು ತೋರಿಸಿ ಈ ಡೈರಿ ತಂದು ಅವಳ ಮುಂದೆಯೇ ಬರೆಯುತ್ತಿದ್ದೇನೆ.

ಜೂನ್ ತಿಂಗಳ ಪುಟಗಳನ್ನು ಹರಿದು ಕೊಡಬಹುದು. ಹರಿದರೆ ಉಳಿಯುವವನು ಒಳ್ಳೆಯ ಗಂಡ, ಹತ್ತಕ್ಕೆ ಎರಡು. ಹರಿಯುವುದಿಲ್ಲ.

ಕೈ ಚಾಚಿದ್ದಾಳೆ. "ಏನದು? ಕೊಡಿ ಇಲ್ಲಿ."

ಕೊಡುತ್ತೇನೆ, ಒಂದು ಸಾಲು ತಾಳು. ಮೊದಲಿನಿಂದ ಓದು. ಹದಿಮೂರನೇ ತಾರೀಖು ಬಂದಾಗ ಎದ್ದು ಹೋಗಬೇಡ. ಹದಿನೇಳರದ್ದು ಓದಿ ನನಗೆ ಎಷ್ಟು ಬೇಕಾದರೂ ಬೈ, ಆದರೆ ಇಪ್ಪತ್ತೈದರ ತನಕ ಓದಲೇಬೇಕು. ಎಷ್ಟು ಹೊತ್ತಾದರೂ ಸರಿ, ನಾನು ಎಲ್ಲಿಗೂ ಹೋಗುವುದಿಲ್ಲ, ನಿನಗೆ ಮುಖ ಕಾಣುವ ಹಾಗೆ ಇಲ್ಲೇ ಎದುರಿಗೆ